ಬಡಗಿಯ ಮಗ ಓದಿದ ನಕ್ಷತ್ರಗಳು

1868ನೆಯ ಇಸವಿ ಆಗಸ್ಟ್ 18, ಮಂಗಳವಾರ. ಬೆಳಗಿನ ಹೊತ್ತು. ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯಲ್ಲಿ ಹಾಡುಹಗಲೇ ಕತ್ತಲು ಕವಿಯಿತು. ಅದು ಖಗ್ರಾಸ ಸೂರ್ಯಗ್ರಹಣ. ಅರಬ್ಬೀ ಸಮುದ್ರವನ್ನು ದಾಟಿ ಬಂದ ಚಂದ್ರನ ನೆರಳು ಜಮಖಂಡಿ, ವಿಜಯಪುರ, ಬಾಗೇವಾಡಿ, ಮುದ್ದೇಬಿಹಾಳದ ಎರೆಹೊಲಗಳ ಮೇಲೆ ಹಾಯ್ದು ಪೂರ್ವಕ್ಕೆ ಗುಂಟೂರು, ಮಚಲೀಪಟ್ಟಣದ ಕಡೆಗೆ ಓಡಿತು. ಸುಮಾರು ಐದು ನಿಮಿಷಗಳ ಕಾಲ ಸೂರ್ಯನಿರಲಿಲ್ಲ. ಗ್ರಹಣ ಬಿಡುವ ತನಕ ಒಲೆ ಹಚ್ಚದ, ಬಸುರಿ ಹೆಂಗಸರನ್ನು ಹೊರಗೆ ಬಿಡದ ನಮ್ಮ ಊರುಗಳಲ್ಲಿ ಅಂದು ಎಷ್ಟು ಜನ ತಲೆಯೆತ್ತಿ ನೋಡಿದರೋ ತಿಳಿಯದು. ಆದರೆ ಜಮಖಂಡಿಯಲ್ಲಿ ಒಬ್ಬರು, ವಿಜಯಪುರದಲ್ಲಿ ಒಬ್ಬರು ಇದಕ್ಕೆಂದೇ ಉಪಕರಣ ಹೊತ್ತು ಬಂದು ಕಾದಿದ್ದರು. ಜಮಖಂಡಿಯಲ್ಲಿದ್ದವರು ಪ್ರಖ್ಯಾತ ಖಗೋಳಜ್ಞ ವಿಲಿಯಂ ಹರ್ಶೆಲರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಶೆಲ್. ವಿಜಯಪುರದಲ್ಲಿದ್ದವರು ಕ್ಯಾಪ್ಟನ್ ಹೇಗ್. ಮಳೆಗಾಲದ ಮೋಡಗಳು ಕಾಟ ಕೊಟ್ಟರೂ ಇಬ್ಬರಿಗೂ ಕೆಲವು ಕ್ಷಣ ಸಿಕ್ಕವು.

ಅವರು ನೋಡಬೇಕೆಂದಿದ್ದುದು ಇಷ್ಟೇ: ಗ್ರಹಣದ ವೇಳೆ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಯಾವುದರಿಂದ ಆಗಿವೆ? ಗಾಜಿನ ಪಟ್ಟಕದ ಮೂಲಕ ಆ ಬೆಳಕನ್ನು ಹಾಯಿಸಿದಾಗ ಬಣ್ಣಬಣ್ಣದ ಕೆಲವು ಹೊಳೆಯುವ ಗೆರೆಗಳು ಕಂಡವು. ಕಾದ ಅನಿಲ ಮಾತ್ರ ಹಾಗೆ ಹೊಳೆಯುತ್ತದೆ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಎಂಬ ವಿಜ್ಞಾನಿಗೂ ಆ ಗೆರೆಗಳು ಕಂಡವು. ಅವು ಎಷ್ಟು ಪ್ರಖರವಾಗಿದ್ದವೆಂದರೆ, ಮರುದಿನ ಗ್ರಹಣವಿಲ್ಲದಾಗಲೂ ಅವನ್ನು ಹಿಡಿಯುವ ಉಪಾಯವನ್ನು ಅವರು ಕಂಡುಕೊಂಡರು. ಆ ಗೆರೆಗಳಲ್ಲಿ ಒಂದು ಮುಂದೆ ಹೀಲಿಯಂ ಎಂಬ ಹೊಸ ಧಾತುವಿನ ಗುರುತೆಂದು ತಿಳಿಯಿತು.

ಈ ಜಾನ್ಸೆನ್ ಆರು ವರ್ಷ ಮೊದಲು, 1862ರ ಕೊನೆಗೆ, ತಮ್ಮ ರೋಹಿತದರ್ಶಕವನ್ನು ಹಿಡಿದುಕೊಂಡು ರೋಮಿಗೆ ಹೋಗಿದ್ದರು. ಅಲ್ಲಿ ಒಂದು ದೇವಾಲಯದ ಮಾಳಿಗೆಯ ಮೇಲೆ, ಒಬ್ಬ ಯೇಸುಸಭೆಯ ಗುರುಗಳೊಡನೆ ಕುಳಿತು, ರಾತ್ರಿಯ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದ್ದರು. ಆ ಗುರುಗಳೇ ಫಾದರ್ ಆಂಜೆಲೊ ಸೆಕ್ಕಿ. ನಕ್ಷತ್ರಗಳ ಬೆಳಕಿನಲ್ಲಿ ಅಡಗಿರುವ ರಸಾಯನಶಾಸ್ತ್ರವನ್ನು ಓದುವ ವಿದ್ಯೆಗೆ ಅಡಿಗಲ್ಲು ಇಟ್ಟವರಲ್ಲಿ ಒಬ್ಬರು. ಇಂದು ದೂರದ ಕತ್ತಲ ಮೋಡಗಳೊಳಗೆ ಭಾರೀ ನಕ್ಷತ್ರಗಳು ಹುಟ್ಟುವುದನ್ನು ವಿಜ್ಞಾನಿಗಳು ಅಣುಗಳ ಗುರುತು ಹಿಡಿದು ತಿಳಿಯುತ್ತಾರಲ್ಲ, ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದನ್ನು ನೆಟ್ಟವರು ಇವರು. ಅವರ ಬದುಕನ್ನು ನಮ್ಮ ಮನೆಗಳಲ್ಲಿ ತಿಳಿದವರು ಕಡಿಮೆ. ಅದಕ್ಕಾಗಿ ಈ ಬರಹ.

ಆಂಜೆಲೊ ಹುಟ್ಟಿದ್ದು 1818ರ ಜೂನ್ 28ರಂದು, ಉತ್ತರ ಇಟಲಿಯ ರೆಜ್ಜೋ ಎಮಿಲಿಯಾ ಎಂಬ ಊರಿನಲ್ಲಿ. ತಂದೆ ಆಂತೋನಿಯೊ ಸೆಕ್ಕಿ ಬಡಗಿ. ತಾಯಿ ಲೂಯಿಸಾ ಬೆಲ್ಜಿಯೇರಿ, ಗಟ್ಟಿ ಮನಸ್ಸಿನ ಗೃಹಿಣಿ. ಗಂಡು ಮಗನೆಂದು ಬಿಡದೆ ಆಕೆ ಆಂಜೆಲೊನಿಗೆ ಹೊಲಿಗೆ, ಹೆಣಿಗೆಗಳನ್ನೂ ಕಲಿಸಿದ್ದಳು. ನಮ್ಮಲ್ಲಿ ಇಂದಿಗೂ ಮಗ ಸೂಜಿ ಹಿಡಿದರೆ ನಗುವ ಮನೆಗಳಿವೆ. ಅಪ್ಪನ ಉಳಿ, ಅಮ್ಮನ ಸೂಜಿ ಎರಡನ್ನೂ ಕಂಡ ಆ ಕೈಗಳೇ ಮುಂದೆ ಹವಾಮಾನವನ್ನು ತಾನೇ ಬರೆದುಕೊಳ್ಳುವ ಯಂತ್ರವನ್ನು ರಚಿಸಿದವು, ದೂರದರ್ಶಕಕ್ಕೆ ಪಟ್ಟಕಗಳನ್ನು ಜೋಡಿಸಿದವು.

ಊರಿನ ಯೇಸುಸಭೆಯ ಶಾಲೆಯಲ್ಲಿ ಓದಿದ ಹುಡುಗ 1833ರ ನವೆಂಬರಿನಲ್ಲಿ, ಹದಿನೈದನೆಯ ವಯಸ್ಸಿಗೆ, ರೋಮಿನಲ್ಲಿ ಅದೇ ಸಭೆಯನ್ನು ಸೇರಿದ. ಗಣಿತ, ಭೌತಶಾಸ್ತ್ರಗಳಲ್ಲಿ ಅವನ ಚುರುಕನ್ನು ಹಿರಿಯರು ಬೇಗ ಗುರುತಿಸಿದರು. ಕೆಲಕಾಲ ಲೊರೆತೊ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳಿದ. ಲೊರೆತೊ ಎಂದರೆ ಮಾತೆ ಮರಿಯಮ್ಮನವರ ಪವಿತ್ರ ಗೃಹವಿರುವ ಯಾತ್ರಾಸ್ಥಳವೆಂದು ಓದುಗರಿಗೆ ಗೊತ್ತು. ಆಮೇಲೆ ದೈವಶಾಸ್ತ್ರದ ಅಧ್ಯಯನ. 1847ರ ಸೆಪ್ಟೆಂಬರ್ 12ರಂದು ಗುರುದೀಕ್ಷೆ.

ದೀಕ್ಷೆಯ ಸಂಭ್ರಮ ಆರುವ ಮೊದಲೇ ಕಷ್ಟ ಬಂತು. 1848ರಲ್ಲಿ ಯೂರೋಪಿನ ತುಂಬ ಕ್ರಾಂತಿಯ ಬೆಂಕಿ. ರೋಮಿನಿಂದ ಯೇಸುಸಭೆಯವರು ಹೊರಡಬೇಕಾಯಿತು. ಫಾದರ್ ಸೆಕ್ಕಿ ಮೊದಲು ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಕಾಲೇಜಿಗೆ, ಅಲ್ಲಿಂದ ಅದೇ ವರ್ಷ ಅಕ್ಟೋಬರಿನಲ್ಲಿ ಹಡಗು ಹತ್ತಿ ಅಮೆರಿಕದ ಜಾರ್ಜ್‌ಟೌನಿಗೆ ಹೋದರು. ಭಾಷೆ ಬೇರೆ, ಹವೆ ಬೇರೆ, ಊಟ ಬೇರೆ. ಊರು ಬಿಟ್ಟು ದುಡಿಯಲು ಹೋದ ಮಕ್ಕಳಿರುವ ಮನೆಗಳಿಗೆ ಇದರ ಸಂಕಟ ವಿವರಿಸಬೇಕಾಗಿಲ್ಲ.

ಆದರೆ ಆ ಒಂದು ವರ್ಷದ ದೇಶಭ್ರಷ್ಟ ಬದುಕು ಅವರನ್ನು ಕುಗ್ಗಿಸಲಿಲ್ಲ. ಹತ್ತಿರದ ವಾಷಿಂಗ್ಟನ್ನಿನಲ್ಲಿ ಮ್ಯಾಥ್ಯೂ ಮೋರಿ ಎಂಬ ನೌಕಾಧಿಕಾರಿಯ ಪರಿಚಯವಾಯಿತು. ಗಾಳಿ ಮತ್ತು ಸಮುದ್ರದ ಪ್ರವಾಹಗಳ ನಕ್ಷೆ ಮಾಡುತ್ತಿದ್ದ ಆ ಮನುಷ್ಯನಿಂದ ಸೆಕ್ಕಿಯವರಿಗೆ ಹವಾಮಾನದ ಹುಚ್ಚು ಹತ್ತಿತು. ಅಷ್ಟರಲ್ಲಿ, ಇವರ ಗುರುವೂ ರೋಮನ್ ಕಾಲೇಜಿನ ಖಗೋಳ ವೀಕ್ಷಣಾಲಯದ ನಿರ್ದೇಶಕರೂ ಆಗಿದ್ದ ಫಾದರ್ ದೆ ವೀಕೊ, ತಾವೂ ದೇಶಭ್ರಷ್ಟರಾಗಿ ಅಲೆಯುತ್ತ, 1848ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಯಾರು? ಮೂವತ್ತೊಂದು ವರ್ಷದ ಸೆಕ್ಕಿಯವರಿಗೆ ಕರೆ ಬಂತು. 1849ರ ಕೊನೆಗೆ ಅವರು ಹಿಂತಿರುಗಿದರು.

ಹಳೆಯ ವೀಕ್ಷಣಾಲಯ ಒಂದು ಗೋಪುರದ ಮೇಲಿತ್ತು. ಭಾರವಾದ ದೂರದರ್ಶಕ ಅಲುಗದೆ ನಿಲ್ಲಲು ಅಲ್ಲಿ ತಾವಿರಲಿಲ್ಲ. ಸೆಕ್ಕಿಯವರ ಕಣ್ಣು ಪಕ್ಕದ ಸಂತ ಇಗ್ನಾಸಿಯವರ ದೇವಾಲಯದ ಮೇಲೆ ಬಿತ್ತು. ಈ ದೇವಾಲಯದ ಕಥೆ ಸ್ವಾರಸ್ಯವಾಗಿದೆ. ಹದಿನೇಳನೆಯ ಶತಮಾನದಲ್ಲಿ ಕಟ್ಟಿದಾಗ ಅದಕ್ಕೊಂದು ಮಹಾ ಗುಮ್ಮಟ ಬರಬೇಕಿತ್ತು. ಗುಮ್ಮಟದ ಭಾರ ಹೊರಲು ನಾಲ್ಕು ಭಾರೀ ಕಂಬಗಳನ್ನೂ ಎಬ್ಬಿಸಿದರು. ಗುಮ್ಮಟ ಮಾತ್ರ ಏಳಲೇ ಇಲ್ಲ. 1685ರಲ್ಲಿ ಯೇಸುಸಭೆಯ ಸಹೋದರ ಆಂದ್ರೆಯಾ ಪೊತ್ಸೊ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದು ಆ ತೆರಪನ್ನು ಮುಚ್ಚಿದರು. ಕೆಳಗಿನಿಂದ ನೋಡಿದವರಿಗೆ ನಿಜವಾದ ಗುಮ್ಮಟವೇ ಕಂಡಂತಾಗುತ್ತದೆ. ವಿಜಯಪುರದ ಗೋಲಗುಮ್ಮಟವನ್ನು ಕಂಡು ಬೆಳೆದ ನಮಗೆ, ಗುಮ್ಮಟವಿಲ್ಲದ ಗುಮ್ಮಟ ಎಂದರೆ ನಗು ಬರಬಹುದು. ಆದರೆ ಸೆಕ್ಕಿಯವರು ಲೆಕ್ಕ ಹಾಕಿದ್ದು ಬೇರೆ. ಅಷ್ಟು ದೊಡ್ಡ ಗುಮ್ಮಟವನ್ನು ಹೊರಬೇಕಿದ್ದ ಕಂಬಗಳು ಸುಮ್ಮನೆ ನಿಂತಿವೆ, ಅವುಗಳ ಮೇಲೆ ದೂರದರ್ಶಕ ಇಟ್ಟರೆ ಅದು ಅಲುಗುವುದುಂಟೇ? ಜಗದ್ಗುರು ಒಂಬತ್ತನೆಯ ಭಕ್ತಿನಾಥರ ಬೆಂಬಲದಿಂದ 1852ರ ಹೊತ್ತಿಗೆ ದೇವಾಲಯದ ಮಾಳಿಗೆಯ ಮೇಲೆ ಹೊಸ ವೀಕ್ಷಣಾಲಯ ಎದ್ದಿತು. ಕೆಳಗೆ ಬಲಿಪೂಜೆ, ಮೇಲೆ ನಕ್ಷತ್ರಗಳ ಎಣಿಕೆ. ಫಾದರ್ ರೋಸಾ ಎಂಬ ಜೊತೆಗಾರ ಗುರುಗಳ ಪಿತ್ರಾರ್ಜಿತ ಹಣದಿಂದ 1854ರಲ್ಲಿ ಜರ್ಮನಿಯ ಮೆರ್ಜ್ ಕಂಪನಿಯ ದೊಡ್ಡ ದೂರದರ್ಶಕವೂ ಬಂತು. ಅದರ ಮಸೂರದ ಅಗಲ 24 ಸೆಂಟಿಮೀಟರ್, ನಮ್ಮ ಊಟದ ತಟ್ಟೆಯಷ್ಟು.

ಆ ಮೇಲಿನ ಇಪ್ಪತ್ತೈದು ವರ್ಷ ಫಾದರ್ ಸೆಕ್ಕಿ ದುಡಿದ ಬಗೆಯನ್ನು ನೆನೆದರೆ ದಣಿವಾಗುತ್ತದೆ. ಏಳುನೂರಕ್ಕೂ ಹೆಚ್ಚು ಬರಹಗಳು. ಜೋಡಿ ನಕ್ಷತ್ರಗಳ ಅಳತೆ, ಮಂಗಳ ಗ್ರಹದ ಚಿತ್ರಗಳು, ಧೂಮಕೇತುಗಳು. 1860ರಲ್ಲಿ ಸ್ಪೇನಿಗೆ ಹೋಗಿ ಖಗ್ರಾಸ ಗ್ರಹಣದ ಫೋಟೋ ತೆಗೆದರು. ಕೆಂಪು ಜ್ವಾಲೆಗಳು ಸೂರ್ಯನವೇ ಹೊರತು ಕಣ್ಣಿನ ಭ್ರಮೆಯಲ್ಲ, ಚಂದ್ರನವೂ ಅಲ್ಲವೆಂದು ಆಗ ಖಚಿತವಾಯಿತು. ಗಾಳಿ, ಮಳೆ, ತಾಪ, ಒತ್ತಡಗಳನ್ನು ತಾನೇ ಕಾಗದದ ಮೇಲೆ ಗೀಚುವ ಅವರ ಯಂತ್ರ 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ದೊಡ್ಡ ಬಹುಮಾನ ಪಡೆಯಿತು. ಜಗದ್ಗುರುಗಳ ಆಡಳಿತದ ಸೀಮೆಯಲ್ಲಿ ತಂತಿಯ ಮೂಲಕ ಹವಾಮಾನದ ಸುದ್ದಿ ತರಿಸುವ ಏರ್ಪಾಟು ಮಾಡಿದರು. ಬಂದರುಗಳ ದೀಪಸ್ತಂಭಗಳನ್ನು ಸರಿಪಡಿಸುವುದಕ್ಕೂ ಅವರನ್ನೇ ಕರೆಯುತ್ತಿದ್ದರು.

ಇವುಗಳಲ್ಲಿ ಒಂದು ಕೆಲಸವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಸಮುದ್ರದ ನೀರು ಎಷ್ಟು ತಿಳಿ ಎಂದು ಅಳೆಯುವುದು ಹೇಗೆ? 1865ರ ಏಪ್ರಿಲಿನಲ್ಲಿ ಜಗದ್ಗುರುಗಳ ಹಡಗೊಂದರಲ್ಲಿ ಚಿವಿತಾವೆಕ್ಕಿಯಾ ಬಂದರಿನ ಬಳಿ ಹೋದ ಸೆಕ್ಕಿಯವರು ಒಂದು ಬಿಳಿಯ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿದರು. ಅದು ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಅಷ್ಟೇ ಉಪಾಯ. ಇಂದಿಗೂ ಲೋಕದ ಕೆರೆ, ಜಲಾಶಯ, ಸಮುದ್ರಗಳಲ್ಲಿ ಅದನ್ನು ಸೆಕ್ಕಿ ಬಿಲ್ಲೆ ಎಂದೇ ಕರೆದು ಬಳಸುತ್ತಾರೆ. ಗೊಳಸಂಗಿಯಿಂದ ಸ್ವಲ್ಪ ದೂರದಲ್ಲೇ ಇರುವ ಆಲಮಟ್ಟಿಯ ಹಿನ್ನೀರಿನಲ್ಲಿ, ಮಳೆಗಾಲದ ಕೃಷ್ಣೆಯ ಕೆಂಪು ನೀರಿಗೂ ಬೇಸಿಗೆಯ ತಿಳಿ ನೀರಿಗೂ ಇರುವ ವ್ಯತ್ಯಾಸವನ್ನು ಒಂದು ಬಿಳಿ ತಟ್ಟೆ, ಒಂದು ಹಗ್ಗದಿಂದ ಶಾಲೆಯ ಮಕ್ಕಳೂ ಅಳೆಯಬಹುದು. ದೊಡ್ಡವರೊಬ್ಬರು ಜೊತೆಗಿರಲಿ.

ಈಗ ನಕ್ಷತ್ರಗಳಿಗೆ ಬರೋಣ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಕಾಮನಬಿಲ್ಲಿನಂಥ ಬಣ್ಣದ ಪಟ್ಟಿ ಬರುತ್ತದೆ. ಅದಕ್ಕೆ ರೋಹಿತವೆಂದು ಹೆಸರು. ಅದರ ನಡುವೆ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಒಂದೊಂದು ಧಾತುವಿಗೂ ಒಂದೊಂದು ಗೆರೆಗಳ ಗುಂಪು, ಹೆಬ್ಬೆಟ್ಟಿನ ಗುರುತಿನ ಹಾಗೆ. ಜಾನ್ಸೆನ್ ಬಂದುಹೋದ ಮೇಲೆ ಸೆಕ್ಕಿಯವರು ಈ ಕೆಲಸಕ್ಕೆ ಕೈಹಾಕಿ ನಾಲ್ಕು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ರೋಹಿತವನ್ನು ಬರಿಗಣ್ಣಿನಿಂದ, ದೂರದರ್ಶಕಕ್ಕೆ ಕಣ್ಣಿಟ್ಟು, ಒಂದೊಂದಾಗಿ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಒಂದು ಸಂಗತಿ ಹೊಳೆಯಿತು. ಸಾವಿರಾರು ನಕ್ಷತ್ರಗಳಿದ್ದರೂ ಬಗೆಗಳು ಕೆಲವೇ. ಲುಬ್ಧಕ, ಅಭಿಜಿತ್‌ಗಳಂಥ ಬಿಳಿಯ ನಕ್ಷತ್ರಗಳು ಒಂದು ಬಗೆ. ನಮ್ಮ ಸೂರ್ಯ, ಸ್ವಾತಿಯಂಥ ಹಳದಿ ನಕ್ಷತ್ರಗಳು ಎರಡನೆಯ ಬಗೆ. ಆರಿದ್ರಾ, ಜ್ಯೇಷ್ಠಾಗಳಂಥ ಕೆಂಪು ನಕ್ಷತ್ರಗಳು ಮೂರನೆಯದು. ಇವುಗಳಲ್ಲಿ ತೆಳು ಗೆರೆಗಳಷ್ಟೇ ಅಲ್ಲ, ಕಂಬಗಳನ್ನು ಸಾಲಾಗಿ ನಿಲ್ಲಿಸಿದಂತೆ ಅಗಲವಾದ ಪಟ್ಟೆಗಳಿದ್ದವು. 1868ರಲ್ಲಿ, ನಮ್ಮ ಸೀಮೆಯ ಮೇಲೆ ಗ್ರಹಣದ ನೆರಳು ಬಿದ್ದ ಅದೇ ವರ್ಷ, ಅವರು ನಾಲ್ಕನೆಯ ಬಗೆಯನ್ನೂ ಸೇರಿಸಿದರು. ಅವು ರಕ್ತದಂತೆ ಕೆಂಪಾದ ವಿರಳ ನಕ್ಷತ್ರಗಳು. ಅವುಗಳ ಪಟ್ಟೆಗಳನ್ನು ಇಂಗಾಲದ ಸಂಯುಕ್ತಗಳ ಬೆಳಕಿಗೆ ಹೋಲಿಸಿ ನೋಡಿ, ಅಲ್ಲಿ ಇಂಗಾಲವಿದೆ ಎಂಬ ತೀರ್ಮಾನಕ್ಕೆ ಬಂದರು.

ಆ ಪಟ್ಟೆಗಳ ಮಹತ್ವ ಎಂಥದು? ಒಂಟಿ ಪರಮಾಣು ತೆಳು ಗೆರೆಯನ್ನು ಬರೆಯುತ್ತದೆ. ಎರಡು ಮೂರು ಪರಮಾಣುಗಳು ಕೂಡಿ ಅಣುವಾದಾಗ ಪಟ್ಟೆ ಬರುತ್ತದೆ. ಆರಿದ್ರಾ ನಕ್ಷತ್ರದ ಪಟ್ಟೆಗಳು ಟೈಟಾನಿಯಂ ಆಕ್ಸೈಡ್ ಎಂಬ ಅಣುವಿನವೆಂದು 1904ರಲ್ಲಿ ಗೊತ್ತಾಯಿತು. ನಾಲ್ಕನೆಯ ಬಗೆಯ ಪಟ್ಟೆಗಳಲ್ಲಿ ಮುಖ್ಯವಾದವು ಎರಡು ಇಂಗಾಲ ಪರಮಾಣುಗಳು ಕೂಡಿದ ಅಣುವಿನವು. ಅಂದರೆ ರೋಮಿನ ದೇವಾಲಯದ ಮಾಳಿಗೆಯ ಮೇಲೆ ಕುಳಿತ ಗುರುಗಳು, ಎಣಿಸಲಾರದ ದೂರದಲ್ಲಿ ನಡೆಯುತ್ತಿರುವ ಅಣುಗಳ ರಸಾಯನವನ್ನು ಕಣ್ಣಾರೆ ಕಾಣುತ್ತಿದ್ದರು. ನಮ್ಮ ರೈತರು ಮಳೆಯನ್ನು ರೋಹಿಣಿ, ಮಿರಗ, ಆರಿದ್ರಾ ಎಂದು ನಕ್ಷತ್ರದ ಹೆಸರಿನಿಂದ ಲೆಕ್ಕ ಹಾಕುತ್ತಾರಲ್ಲ, ಅದೇ ಆರಿದ್ರಾ ಇದು.

ಆರಿದ್ರಾ ಒಂದು ಭಾರೀ ನಕ್ಷತ್ರ, ಸೂರ್ಯನಿಗಿಂತ ಹತ್ತಾರು ಪಟ್ಟು ದ್ರವ್ಯವುಳ್ಳದ್ದು, ಈಗ ತನ್ನ ಮುಪ್ಪಿನಲ್ಲಿದೆ. ಹಾಗಾದರೆ ಇಂಥ ನಕ್ಷತ್ರಗಳು ಹುಟ್ಟುವುದೆಲ್ಲಿ? ಸೆಕ್ಕಿಯವರು ಇದಕ್ಕೆ ಉತ್ತರ ಕೊಡಲಿಲ್ಲ, ಅವರ ಕಾಲದಲ್ಲಿ ಅದು ಸಾಧ್ಯವೂ ಇರಲಿಲ್ಲ. ಆದರೆ ಉತ್ತರವಿರುವ ಎರಡು ಜಾಗಗಳ ಕಡೆಗೆ ಅವರ ಕಣ್ಣು ಹೋಗಿತ್ತು. ಮಹಾವ್ಯಾಧ ನಕ್ಷತ್ರಪುಂಜದ ಹೊಳೆಯುವ ಮೋಡದ ರೋಹಿತವನ್ನು 1865ರಲ್ಲಿ ನೋಡಿ, ಅದು ನಕ್ಷತ್ರಗಳ ಗುಂಪಲ್ಲ, ಅನಿಲದ ಮೋಡವೆಂದು ಕಂಡುಕೊಂಡರು. ಆಕಾಶಗಂಗೆಯಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲೆಗಳು ಬರಿಯ ತೂತುಗಳಲ್ಲ, ಹಿಂದಿನ ಬೆಳಕನ್ನು ಮರೆಮಾಡಿ ನಿಂತ ಕಪ್ಪು ದ್ರವ್ಯ ಎಂಬ ಎಣಿಕೆಯನ್ನೂ ಮುಂದಿಟ್ಟರು. ಆಗ ಬಹಳ ಜನ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆ ಕಪ್ಪು ಮೋಡಗಳೇ ನಕ್ಷತ್ರಗಳ ತೊಟ್ಟಿಲು. ಒಳಗೆ ಏನು ನಡೆಯುತ್ತಿದೆಯೆಂದು ಕಣ್ಣಿಗೆ ಕಾಣದು, ಧೂಳು ಎಲ್ಲವನ್ನೂ ಮುಚ್ಚಿದೆ. ಅದರಲ್ಲೂ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ಭಾರದ ನಕ್ಷತ್ರಗಳ ಹುಟ್ಟು ಇನ್ನೂ ಕಷ್ಟದ ವಿಷಯ. ಅಂಥವು ಕಡಿಮೆ, ದೂರ, ಗುಂಪಿನಲ್ಲಿ ಹುಟ್ಟುವಂಥವು. ಸೂರ್ಯನಂಥದು ಬಲಿಯಲು ಕೋಟ್ಯಂತರ ವರ್ಷ ಬೇಕಾದರೆ, ಇವು ಲಕ್ಷದ ಲೆಕ್ಕದ ವರ್ಷಗಳಲ್ಲೇ, ಹೊದಿಕೆಯೊಳಗಿರುವಾಗಲೇ ಉರಿಯತೊಡಗುತ್ತವೆ. ಅಲ್ಲಿ ಅಣುಗಳೇ ಸಾಕ್ಷಿ. ತಣ್ಣನೆಯ ಅಣುಗಳು ಕಣ್ಣಿಗೆ ಕಾಣುವ ಬೆಳಕಿನ ಬದಲು ರೇಡಿಯೋ ಅಲೆಗಳನ್ನು ಕಳಿಸುತ್ತವೆ, ಅವಕ್ಕೆ ಧೂಳು ಅಡ್ಡಿಯಲ್ಲ. 1968ರಲ್ಲಿ, ಸೆಕ್ಕಿಯವರ ನಾಲ್ಕನೆಯ ಬಗೆಗೆ ಸರಿಯಾಗಿ ನೂರು ವರ್ಷಕ್ಕೆ, ಅಂತರಿಕ್ಷದ ಮೋಡದಲ್ಲಿ ಅಮೋನಿಯಾ ಸಿಕ್ಕಿತು. 1970ರಲ್ಲಿ ಮಹಾವ್ಯಾಧದ ಮೋಡದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. ಇಂದು ಇಂಥ ಮುನ್ನೂರಕ್ಕೂ ಹೆಚ್ಚು ಅಣುಗಳು ತಿಳಿದಿವೆ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ 1980ರ ದಶಕದಲ್ಲಿ ಇಂಥ ಅಲೆಗಳನ್ನು ಹಿಡಿಯಲು 10.4 ಮೀಟರ್ ಅಗಲದ ದೂರದರ್ಶಕವನ್ನು ಕಟ್ಟಿತ್ತು.

ಅಣುಗಳಿಂದ ಹುಟ್ಟಿನ ಹಂತ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಅಡುಗೆಮನೆಯನ್ನೇ ನೆನೆಯಿರಿ. ಅಂಗಳದಲ್ಲಿ ಕುಳಿತವರಿಗೆ ಒಲೆ ಕಾಣುವುದಿಲ್ಲ. ಆದರೂ ಬೇಳೆ ಬೇಯುವ ವಾಸನೆ ಬಂತು, ಉಳ್ಳಾಗಡ್ಡಿ ಕೆಂಪಾಯಿತು, ಒಗ್ಗರಣೆ ಬಿತ್ತು, ಇನ್ನು ಊಟಕ್ಕೆ ಕರೆಯುತ್ತಾರೆ ಎಂದು ಮೂಗೇ ಹೇಳುತ್ತದೆ. ಕಪ್ಪು ಮೋಡದ ತಿರುಳೂ ಹಾಗೆಯೇ. ಮೊದಲ ಹಂತದಲ್ಲಿ ಅಲ್ಲಿ ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗಿನ ಚಳಿ. ಕಾರ್ಬನ್ ಮಾನಾಕ್ಸೈಡ್ ಅನಿಲ ಧೂಳಿನ ಕಣಗಳ ಮೇಲೆ ಮಂಜಾಗಿ ಕೂತುಬಿಡುತ್ತದೆ. ಸಾರಜನಕದ ಕೆಲವು ಅಣುಗಳು ಮಾತ್ರ ಅನಿಲವಾಗಿ ಉಳಿಯುತ್ತವೆ. ಆ ಚಳಿಯಲ್ಲಿ ಅವು ಸಾಧಾರಣ ಹೈಡ್ರೋಜನ್ನಿನ ಬದಲು ಡ್ಯುಟೀರಿಯಂ ಎಂಬ ಅದರ ಭಾರದ ಅಣ್ಣನನ್ನು ಹೆಚ್ಚು ಹೆಚ್ಚಾಗಿ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಭಾರದ ಹೈಡ್ರೋಜನ್ ಹೆಚ್ಚಾಗಿ ಕಂಡಲ್ಲಿ, ಒಲೆ ಇನ್ನೂ ಹೊತ್ತಿಲ್ಲವೆಂದು ತಿಳಿಯಬಹುದು. ಒಳಗೆ ನಕ್ಷತ್ರ ಬಿಸಿಯಾಗತೊಡಗಿದಾಗ ಮಂಜು ಕರಗಿ ಹಾರುತ್ತದೆ. ಕಣಗಳ ಮೇಲೆ ಮೌನವಾಗಿ ತಯಾರಾಗಿದ್ದ ಮೆಥನಾಲ್ ಮೊದಲಾದ ಸಂಕೀರ್ಣ ಅಣುಗಳು ಒಮ್ಮೆಗೇ ಹೊರಗೆ ಬರುತ್ತವೆ. ಅದೇ ಒಗ್ಗರಣೆಯ ವಾಸನೆ! ಭಾರೀ ನಕ್ಷತ್ರಗಳ ತಿರುಳುಗಳಲ್ಲಿ ಈ ಭಾರದ ಹೈಡ್ರೋಜನ್ನಿನ ಪ್ರಮಾಣ ಹಂತದಿಂದ ಹಂತಕ್ಕೆ ಇಳಿಯುವುದನ್ನು, ಸೆಕ್ಕಿಯವರ ನಾಡಾದ ಇಟಲಿಯ ಸಂಶೋಧಕರೇ ಇದ್ದ ಒಂದು ತಂಡ 2011ರಲ್ಲಿ ತೋರಿಸಿಕೊಟ್ಟಿತು. ಚಿಲಿ ದೇಶದ ಎತ್ತರದ ಮರುಭೂಮಿಯಲ್ಲಿ 2013ರಲ್ಲಿ ಉದ್ಘಾಟನೆಯಾದ 66 ಆಂಟೆನಾಗಳ ವೀಕ್ಷಣಾಲಯದಲ್ಲಿ ಈಗ ಈ ಕೆಲಸ ಇನ್ನೂ ಸೂಕ್ಷ್ಮವಾಗಿ ಸಾಗಿದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಇಂಥ ಭಾರೀ ನಕ್ಷತ್ರಗಳ ಒಡಲಲ್ಲೇ ತಯಾರಾದದ್ದು. ಹಾಗಾಗಿ ಈ ಹುಡುಕಾಟ ನಮಗೆ ದೂರದ್ದಲ್ಲ.

ಮತ್ತೆ ರೋಮಿಗೆ. ಫಾದರ್ ಸೆಕ್ಕಿಯವರನ್ನು ನಾನು ಸಂತರ ಪಟ್ಟಿಗೆ ಸೇರಿಸಲು ಹೊರಟಿಲ್ಲ. ಅವರ ಸ್ವಭಾವ ಬಿಸಿ. ಯಾರು ಮೊದಲು ಕಂಡರೆಂಬ ವಿಷಯದಲ್ಲಿ ಇತರ ವಿಜ್ಞಾನಿಗಳೊಡನೆ ಜಗಳವಾಡಿದ್ದುಂಟು. ಅವಸರದಲ್ಲಿ ಬರೆದು ತಪ್ಪಿದ್ದೂ ಉಂಟು. ಸೂರ್ಯನ ವ್ಯಾಸ ಹಿಗ್ಗಿ ಕುಗ್ಗುತ್ತದೆಂದು ಅವರು ಪಟ್ಟು ಹಿಡಿದದ್ದು ನಿಲ್ಲಲಿಲ್ಲ. ಮಂಗಳನ ಮೇಲಿನ ಕಪ್ಪು ಪ್ರದೇಶವೊಂದಕ್ಕೆ ಅವರು ಕಾಲುವೆ ಎಂಬ ಅರ್ಥದ ಇಟಾಲಿಯನ್ ಪದ ಬಳಸಿದರು. ಮುಂದೆ ಅದೇ ಪದ ಬೇರೆಯವರ ಕೈಯಲ್ಲಿ ಬೆಳೆದು, ಮಂಗಳನಲ್ಲಿ ಜನರು ಕಾಲುವೆ ತೋಡಿದ್ದಾರೆಂಬ ಕಥೆಗಳಿಗೆ ದಾರಿಯಾಯಿತು.

ಆದರೆ ಅವರ ಕೊನೆಯ ಎಂಟು ವರ್ಷಗಳನ್ನು ಓದುವಾಗ ಈ ಕುಂದುಗಳು ಮರೆಗೆ ಸರಿಯುತ್ತವೆ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ರೋಮನ್ನು ವಶಪಡಿಸಿಕೊಂಡಿತು. ಜಗದ್ಗುರುಗಳ ರಾಜ್ಯ ಮುಗಿಯಿತು. ಲೋಕಪ್ರಸಿದ್ಧರಾದ ಸೆಕ್ಕಿಯವರನ್ನು ತನ್ನ ಕಡೆಗೆ ಸೆಳೆದುಕೊಳ್ಳಲು ಹೊಸ ಸರ್ಕಾರಕ್ಕೆ ಆಸೆ. ವಿಶ್ವವಿದ್ಯಾನಿಲಯದಲ್ಲಿ ಪೀಠ, ಮಾನ, ಸ್ಥಾನ ಎಲ್ಲವೂ ಮುಂದೆ ಬಂದವು. ಒಪ್ಪಿಕೊಂಡಿದ್ದರೆ ದೊಡ್ಡ ದೂರದರ್ಶಕ, ಸಹಾಯಕರು, ಹಣ, ಏನು ಬೇಕಾದರೂ ಸಿಗುತ್ತಿತ್ತು. ವಿಜ್ಞಾನಿಯಾದವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅವರು ಕೊನೆಗೆ ಬೇಡವೆಂದರು. ವಿಧೇಯತೆಯ ವ್ರತ ತೊಟ್ಟವರು, ತಮ್ಮ ಜಗದ್ಗುರು ಸೆರೆಯಾಳಿನಂತೆ ಕುಳಿತಿರುವಾಗ ಬಿಟ್ಟುಹೋಗಲು ಅವರಿಗೆ ಮನಸ್ಸಾಗಲಿಲ್ಲ. 1873ರಲ್ಲಿ ಧಾರ್ಮಿಕ ಸಭೆಗಳ ಆಸ್ತಿಯ ಕಾನೂನು ಬಂದು ಯೇಸುಸಭೆಯವರು ರೋಮನ್ ಕಾಲೇಜನ್ನು ತೆರವು ಮಾಡಬೇಕಾಯಿತು. ಸೆಕ್ಕಿಯವರ ಕೀರ್ತಿಗೆ ಅಂಜಿ ವೀಕ್ಷಣಾಲಯವನ್ನು ಮಾತ್ರ ಮುಟ್ಟಲಿಲ್ಲ. ಸಹೋದರರೆಲ್ಲ ಹೊರಟುಹೋದ ಕಟ್ಟಡದ ಮೇಲೆ, ಒಂದಿಬ್ಬರು ಸಹಾಯಕರೊಡನೆ ಅವರು ಉಳಿದರು.

ಹೊರಗಿನವರ ಸಂಶಯ ಒಂದು ಕಡೆಯಾದರೆ, ಒಳಗಿನವರದು ಇನ್ನೊಂದು. ಲೋಕದ ಶಕ್ತಿಗಳೆಲ್ಲ ಪರಮಾಣುಗಳ ಚಲನೆಯಿಂದ ಆದವು ಎಂಬ ವಿಚಾರವನ್ನು 1864ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಅವರು ಪ್ರಕಟಿಸಿದ್ದರು. ಅದು ಸಂತ ಥಾಮಸ್ ಅಕ್ವಿನಾಸರ ತತ್ತ್ವಕ್ಕೆ ಹೊಂದುವುದಿಲ್ಲವೆಂದು ತಮ್ಮದೇ ಸಭೆಯ ಕೆಲವು ತತ್ತ್ವಶಾಸ್ತ್ರಜ್ಞರು ಎದ್ದು ನಿಂತರು. ಸರ್ಕಾರಕ್ಕೆ ಇವರು ತೀರ ಪಾದ್ರಿ, ಕೆಲವು ಪಾದ್ರಿಗಳಿಗೆ ತೀರ ವಿಜ್ಞಾನಿ. ವಿಜ್ಞಾನ ಓದುವ ಮಕ್ಕಳ ವಿಶ್ವಾಸ ಎಲ್ಲಿ ಸಡಿಲವಾದೀತೋ ಎಂದು ಹೆದರುವ ತಂದೆತಾಯಿಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಸೆಕ್ಕಿಯವರು ಎರಡೂ ಕಡೆಯ ಮಾತು ಕೇಳಿಸಿಕೊಂಡು ಸಭೆಯನ್ನೂ ಬಿಡಲಿಲ್ಲ, ಪರಮಾಣುವನ್ನೂ ಬಿಡಲಿಲ್ಲ. ಪರಮಾಣುಗಳು ಇದ್ದೇ ಇವೆಯೆಂದು ಲೋಕ ಒಪ್ಪಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅವರು ತೀರಿಕೊಂಡು ಒಂದು ತಲೆಮಾರಾದ ಮೇಲೆ.

ನಕ್ಷತ್ರಗಳ ಬಗ್ಗೆ ಅವರು ಬರೆದ ಕೊನೆಯ ದೊಡ್ಡ ಪುಸ್ತಕ 1877ರಲ್ಲಿ ಹೊರಬರುವ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 1878ರ ಫೆಬ್ರವರಿ 7ರಂದು ಜಗದ್ಗುರು ಒಂಬತ್ತನೆಯ ಭಕ್ತಿನಾಥರು ದೇವರ ಪಾದ ಸೇರಿದರು. ಹತ್ತೊಂಬತ್ತು ದಿನಗಳ ಬಳಿಕ, ಫೆಬ್ರವರಿ 26ರಂದು, ಫಾದರ್ ಸೆಕ್ಕಿಯವರೂ ಕಣ್ಣು ಮುಚ್ಚಿದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ರೋಮಿನ ವೆರಾನೊ ಸ್ಮಶಾನದಲ್ಲಿ ಅವರ ಸಮಾಧಿ ಆಯಿತು.

ಮರುವರ್ಷವೇ ಸರ್ಕಾರ ವೀಕ್ಷಣಾಲಯವನ್ನು ತೆಗೆದುಕೊಂಡಿತು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ವ್ಯಾಟಿಕನ್ ವೀಕ್ಷಣಾಲಯವನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದರು. ಇಂದೂ ಅದು ಯೇಸುಸಭೆಯವರ ಕೈಯಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ನಿರ್ದೇಶಕರಾದವರು ನಮ್ಮ ದೇಶದವರೇ ಆದ ಫಾದರ್ ರಿಚರ್ಡ್ ಡಿಸೋಜ, ಯೇಸುಸಭೆಯ ಗೋವಾ ಪ್ರಾಂತ್ಯದವರು. 2006ರಲ್ಲಿ ಸೂರ್ಯನನ್ನು ನೋಡಲು ಅಮೆರಿಕ ಹಾರಿಸಿದ ಜೋಡಿ ನೌಕೆಗಳ ಕ್ಯಾಮೆರಾಗಳಿಗೆ ಸೆಕ್ಕಿಯವರ ಹೆಸರಿಟ್ಟರು. ಚಂದ್ರನ ಮೇಲೆ ಒಂದು ಕುಳಿಗೂ ಅವರ ಹೆಸರಿದೆ.

ಅವರು ತೀರಿಕೊಂಡ ಫೆಬ್ರವರಿ ಕೊನೆಯ ವಾರದಲ್ಲಿ, ಸಂಜೆ ಏಳೂವರೆ ಎಂಟರ ಹೊತ್ತಿಗೆ, ಕುಟುಂಬ ಪ್ರಾರ್ಥನೆ ಮುಗಿಸಿ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಬನ್ನಿ. ದಕ್ಷಿಣಕ್ಕೆ ಮುಖಮಾಡಿ ತಲೆಯೆತ್ತಿದರೆ ಸಾಲಾಗಿ ಮೂರು ನಕ್ಷತ್ರಗಳು ಕಾಣುತ್ತವೆ, ಅದು ಮಹಾವ್ಯಾಧನ ನಡುಪಟ್ಟಿ. ಅದರ ಮೇಲೆ, ಎಡಕ್ಕೆ, ಕೆಂಪಾಗಿ ಹೊಳೆಯುವುದೇ ಸೆಕ್ಕಿಯವರು ಪಟ್ಟೆಗಳನ್ನು ಕಂಡ ಆರಿದ್ರಾ. ನಡುಪಟ್ಟಿಯ ಕೆಳಗೆ ಕತ್ತಿಯ ಹಾಗೆ ತೂಗುವ ಚಿಕ್ಕ ಸಾಲಿನ ನಡುವೆ ಒಂದು ಮಸುಕು ಚುಕ್ಕೆ ಇದೆ. ಬೀದಿದೀಪವಿಲ್ಲದ ಕಡೆ ಅದು ಬರಿಗಣ್ಣಿಗೇ ಕಾಣುತ್ತದೆ. ಭಾರೀ ನಕ್ಷತ್ರಗಳು ಈಗಲೂ ಹುಟ್ಟುತ್ತಿರುವ ಮೋಡ ಅದೇ.